ನೀವು ಕಂಡದ್ದನ್ನು ಬರೆದು ಕಳಿಸಿ

ಬೆಳಿಗ್ಗೆ ಹೋಟೆಲಿನ ಬೆಂಚಿನ ಮೇಲೋ ಮನೆಯ ಜಗಲಿಯಲ್ಲೋ ಕುಳಿತು ಪತ್ರಿಕೆ ಬಿಡಿಸುವ ನೀವು, ಮುಖಪುಟಕ್ಕೊಮ್ಮೆ ಕಣ್ಣು ಹಾಯಿಸಿ ನೇರವಾಗಿ ಜಿಲ್ಲಾ ಪುಟಕ್ಕೆ ಹೋಗುವವರು. ಅಲ್ಲಿ ನಿಮ್ಮ ತಾಲ್ಲೂಕಿನ ಹೆಸರು ಹುಡುಕುತ್ತೀರಿ, ಹೋಬಳಿಯ ಹೆಸರು ಹುಡುಕುತ್ತೀರಿ, ಕೊನೆಗೆ ನಿಮ್ಮೂರಿನ ಹೆಸರು ಹುಡುಕುತ್ತೀರಿ. ಸಿಕ್ಕರೆ ಪಕ್ಕದಲ್ಲಿ ಕುಳಿತವರಿಗೆ ಬೆರಳಿಟ್ಟು ತೋರಿಸುತ್ತೀರಿ. ಸಿಗದೆ ಹೋದರೆ, ‘ನಮ್ಮೂರು ಯಾರಿಗೆ ಬೇಕು ಬಿಡಿ’ ಎನ್ನುತ್ತಾ ಪತ್ರಿಕೆ ಮಡಚುತ್ತೀರಿ. ಆ ಮಾತಿನಲ್ಲಿ ನೋವಿದೆ, ಊರಿನ ಮೇಲಿನ ಪ್ರೀತಿಯೂ ಇದೆ. ಆ ಪ್ರೀತಿಯನ್ನೇ ನಂಬಿಕೊಂಡು ನಿಮ್ಮನ್ನು ಕೇಳುತ್ತಿದ್ದೇನೆ. ನಿಮ್ಮೂರಿನ ಸುದ್ದಿಯನ್ನು ಪತ್ರಿಕೆಗೆ ಮುಟ್ಟಿಸಬೇಕಾದವರು ಯಾರು ಅಂದುಕೊಂಡಿದ್ದೀರಿ?

ನೀವು ಎಂದಾಗ ನನ್ನ ಕಣ್ಣ ಮುಂದೆ ಬರುವವರು ಇವರು. ಊರಿನ ಮೂರು ತಲೆಮಾರಿಗೆ ಅಕ್ಷರ ಕಲಿಸಿ ನಿವೃತ್ತರಾದ ಮೇಷ್ಟ್ರು, ಹಾಲಿನ ಡೇರಿಯಲ್ಲಿ ಎರಡೂ ಹೊತ್ತು ಲೆಕ್ಕ ಬರೆಯುವ ಕಾರ್ಯದರ್ಶಿ, ಬಿಸಿಲು ಮಳೆ ಎನ್ನದೆ ಮನೆ ಮನೆ ಸುತ್ತುವ ಆಶಾ ಕಾರ್ಯಕರ್ತೆ, ಡಿಗ್ರಿ ಮುಗಿಸಿ ಊರಿಗೆ ಮರಳಿ ತೋಟ ನೋಡಿಕೊಳ್ಳುತ್ತಿರುವ ಹುಡುಗ, ಸ್ತ್ರೀಶಕ್ತಿ ಸಂಘದ ನಡಾವಳಿ ಬರೆಯುವ ಅಕ್ಕ. ನಾಲ್ಕು ಸಾಲು ನೆಟ್ಟಗೆ ಬರೆಯಬಲ್ಲವರು ನೀವು. ಊರಿನ ಕೊನೆಯ ಬೀದಿಯ ನಲ್ಲಿಗೆ ಎಂದಿನಿಂದ ನೀರು ಬಂದಿಲ್ಲ ಎಂಬುದು ನಿಮಗೆ ಗೊತ್ತಿದೆ. ಅಂಗನವಾಡಿಯ ಹೆಂಚು ಒಡೆದು, ಮಳೆ ಬಂದಾಗಲೆಲ್ಲ ಮಕ್ಕಳು ಒಂದೇ ಮೂಲೆಯಲ್ಲಿ ಒತ್ತಿಕೊಂಡು ಕೂರುತ್ತಾರೆ ಎಂಬುದು ನಿಮಗೆ ಗೊತ್ತಿದೆ. ರೇಷನ್ ಅಂಗಡಿಯ ಯಂತ್ರದಲ್ಲಿ ಬೆರಳಚ್ಚು ಹೊಂದದೆ ಖಾಲಿ ಚೀಲ ಹಿಡಿದು ಮರಳಿದ ಅಜ್ಜಿ ಯಾರ ಮನೆಯವರೆಂದು ನಿಮಗೆ ಗೊತ್ತಿದೆ. ಸ್ಮಶಾನಕ್ಕೆ ಜಾಗವಿಲ್ಲದೆ, ಸುರಿಯುವ ಮಳೆಯಲ್ಲಿ ಹಳ್ಳದ ದಂಡೆಯಲ್ಲೇ ಚಿತೆ ಹಚ್ಚಲು ಪರದಾಡಿದವರು ಯಾವ ಕೇರಿಯವರೆಂದೂ ನಿಮಗೆ ಗೊತ್ತಿದೆ. ನೀವು ನೋಡಿದ್ದೀರಿ, ಮರುಗಿದ್ದೀರಿ, ರಾತ್ರಿ ಊಟಕ್ಕೆ ಕುಳಿತಾಗ ಮನೆಯವರ ಹತ್ತಿರ ಹೇಳಿಕೊಂಡಿದ್ದೀರಿ. ಮಾತು ಅಲ್ಲಿಗೇ ನಿಂತುಬಿಟ್ಟಿದೆ.

ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದ್ದೇನಲ್ಲ ಎನ್ನುವಿರಿ. ಹಾಕಿದ್ದೀರಿ, ನಿಜ. ಆ ಗ್ರೂಪಿನಲ್ಲಿರುವವರು ಊರಿನವರೇ, ಅವರಿಗೆ ಅದು ಮೊದಲೇ ಗೊತ್ತಿತ್ತು. ಸಂಜೆಯ ಹೊತ್ತಿಗೆ ಅದರ ಮೇಲೆ ಇನ್ನೂರು ಸಂದೇಶ ಬಂದು ಕೂತವು. ಅದಕ್ಕೆ ಉತ್ತರ ಕೊಡಬೇಕಾದ ಅಧಿಕಾರಿ ಯಾರೂ ಇಲ್ಲ. ಪತ್ರಿಕೆಯಲ್ಲಿ ಅಚ್ಚಾದ ಹತ್ತು ಸಾಲಿನ ನಡೆಯೇ ಬೇರೆ. ಜಿಲ್ಲೆಯ ವಾರ್ತಾ ಇಲಾಖೆಯವರು ಅದನ್ನು ಕತ್ತರಿಸಿ ಮೇಲಿನವರ ಗಮನಕ್ಕೆ ಕಳಿಸುತ್ತಾರೆ, ಸಂಬಂಧಪಟ್ಟ ಇಲಾಖೆ ಇದೇನೆಂದು ವಿವರಣೆ ಕೊಡಬೇಕಾಗುತ್ತದೆ. ಪತ್ರಿಕಾ ವರದಿ ನೋಡಿ ಲೋಕಾಯುಕ್ತವೋ ಹೈಕೋರ್ಟೋ ತಾನಾಗಿಯೇ ದೂರು ದಾಖಲಿಸಿಕೊಂಡದ್ದನ್ನು ನೀವೇ ಎಷ್ಟೋ ಸಲ ಓದಿದ್ದೀರಿ. ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದ ಬಡವರ ಬಗ್ಗೆ ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಬಂದ ಬರಹವೇ 1979ರಲ್ಲಿ ಹುಸೇನಾರಾ ಖಾತೂನ್ ಪ್ರಕರಣವಾಗಿ ಸುಪ್ರೀಂ ಕೋರ್ಟಿನ ಮುಂದೆ ನಿಂತಿತು. ತ್ವರಿತ ವಿಚಾರಣೆ ಮೂಲಭೂತ ಹಕ್ಕು ಎಂದು ನ್ಯಾಯಾಲಯ ಹೇಳಿತು, ಸಾವಿರಾರು ಕೈದಿಗಳು ಹೊರಬಂದರು. ಆ ಕೈದಿಗಳಲ್ಲಿ ಬಹುಪಾಲು ಜನರಿಗೆ ಆ ಪತ್ರಿಕೆ ಓದಲೂ ಬರುತ್ತಿರಲಿಲ್ಲ. ಅವರಿಗಾಗಿ ಇನ್ನೊಬ್ಬರು ಬರೆದಿದ್ದರು, ಅಷ್ಟೆ.

ನಿಮ್ಮೂರಿನಿಂದ ಪತ್ರಿಕೆಗೆ ಏನೂ ಹೋಗುತ್ತಿಲ್ಲ ಎಂದಲ್ಲ. ಹೋಗುತ್ತಿದೆ. ಸನ್ಮಾನದ ಚಿತ್ರ ಹೋಗುತ್ತದೆ, ಶಾಲು ಹೊದಿಸಿಕೊಂಡವರ ಹೆಸರು ಇನಿಷಿಯಲ್ ಸಮೇತ ಹೋಗುತ್ತದೆ, ವೇದಿಕೆಯಲ್ಲಿ ಉಪಸ್ಥಿತರಿದ್ದವರ ಇಪ್ಪತ್ತು ಹೆಸರುಗಳ ಪಟ್ಟಿ ಹೋಗುತ್ತದೆ. ಜಾತ್ರೆ, ಕ್ರೀಡಾಕೂಟ, ದೇವಸ್ಥಾನದ ವಾರ್ಷಿಕೋತ್ಸವ, ಎಲ್ಲವೂ ಸಮಯಕ್ಕೆ ಸರಿಯಾಗಿ ಹೋಗುತ್ತವೆ. ಅವು ಬರಲಿ, ಊರಿಗೆ ಸಂಭ್ರಮವೂ ಬೇಕು. ಆದರೆ ಗಮನಿಸಿ, ಸುದ್ದಿ ಕಳಿಸುವ ವಿದ್ಯೆ ನಮ್ಮ ಊರುಗಳಿಗೆ ಚೆನ್ನಾಗಿ ಗೊತ್ತಿದೆ. ಯಾರಿಗೆ ಫೋನ್ ಮಾಡಬೇಕು, ಎಷ್ಟು ಹೊತ್ತಿಗೆ ಕಳಿಸಿದರೆ ನಾಳೆಯ ಪುಟಕ್ಕೆ ಸಿಗುತ್ತದೆ ಎಂಬುದೆಲ್ಲ ಗೊತ್ತಿದೆ. ಶಾಲು ಹೊದಿಸಿದ ದಿನ ಅಷ್ಟು ಚುರುಕಾಗಿ ಓಡುವ ನಮ್ಮ ಕೈ, ಅದೇ ಊರಿನ ಶಾಲೆಯ ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲ ಎಂದು ಬರೆಯುವಾಗ ಯಾಕೆ ಮರಗಟ್ಟುತ್ತದೆ? ಈ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ವರದಿಗಾರರು ಬಂದು ನೋಡಬೇಕು, ಅದು ಅವರ ಕೆಲಸ ಎನ್ನುವವರಿಗೆ ತಾಲ್ಲೂಕು ವರದಿಗಾರನ ದಿನ ಹೇಗಿರುತ್ತದೆ ಎಂದು ಹೇಳಬೇಕು. ಕರ್ನಾಟಕದಲ್ಲಿ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿವೆ. ಒಂದೊಂದು ತಾಲ್ಲೂಕಿನಲ್ಲೂ ಹತ್ತಾರು ಪಂಚಾಯಿತಿ, ಅವುಗಳ ತುಂಬ ಹಳ್ಳಿ, ದೊಡ್ಡಿ, ತಾಂಡಾ, ಹಾಡಿ. ಅಷ್ಟಕ್ಕೂ ಒಂದು ಪತ್ರಿಕೆಯಿಂದ ಸಾಮಾನ್ಯವಾಗಿ ಒಬ್ಬರು, ಅವರೂ ಎಷ್ಟೋ ಕಡೆ ಅರೆಕಾಲಿಕ. ಅವರಲ್ಲಿ ಹಲವರು ಓಡಾಡುವುದು ಸ್ವಂತ ಬೈಕಿನಲ್ಲಿ, ಸ್ವಂತ ಪೆಟ್ರೋಲಿನಲ್ಲಿ. ಬರುವ ಗೌರವಧನ ಮನೆ ಖರ್ಚಿಗೆ ಸಾಲುವುದಿಲ್ಲ, ಅದರ ಜೊತೆಗೆ ವಿಶೇಷ ಪುರವಣಿಗೆ ಜಾಹೀರಾತು ತರುವ ಹೊರೆ ಬೇರೆ. ಬೆಳಿಗ್ಗೆ ಶಾಸಕರ ಗುದ್ದಲಿಪೂಜೆ, ಮಧ್ಯಾಹ್ನ ಸುದ್ದಿಗೋಷ್ಠಿ, ಸಂಜೆ ಅಪಘಾತ. ಆ ಮನುಷ್ಯ ನಿಮ್ಮೂರಿನ ಕೊನೆಯ ಬೀದಿಗೆ ತಾನಾಗಿ ಬಂದು ತಲುಪುವುದು ಹೇಗೆ? ಆತನಿಗೆ ಮನಸ್ಸಿಲ್ಲವೆಂದಲ್ಲ, ನೀವು ಕರೆದಿಲ್ಲ. ಕರೆದು, ‘ಇಂಥಲ್ಲಿ ಹೀಗಾಗಿದೆ, ನಾನು ಜೊತೆಗೆ ಬರುತ್ತೇನೆ, ಸಂಬಂಧಪಟ್ಟವರನ್ನು ಮಾತಾಡಿಸುತ್ತೇನೆ’ ಎಂದು ಹೇಳಿ ನೋಡಿ. ಒಳ್ಳೆಯ ಸುದ್ದಿಯ ಜಾಡು ಸಿಕ್ಕರೆ ರಾತ್ರಿ ಹತ್ತಕ್ಕೂ ಬೈಕ್ ಹತ್ತುವ ವರದಿಗಾರರು ಈ ನಾಡಿನ ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ.

ಮೌನದ ಬೆಲೆ ಎಷ್ಟೆಂದು ತಿಳಿಯಬೇಕಾದರೆ ಕಾಸರಗೋಡಿನ ಪಡ್ರೆಯ ಕಡೆ ನೋಡಬೇಕು. ಕನ್ನಡ ಮಾತಾಡುವ ಹಳ್ಳಿ ಅದು, ಎಣ್ಮಕಜೆ ಪಂಚಾಯಿತಿಗೆ ಸೇರಿದ್ದು. ಗುಡ್ಡದ ಮೇಲೆ ಕೇರಳ ಸರ್ಕಾರದ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರುತೋಟ, ಕೆಳಗೆ ಕಣಿವೆಯಲ್ಲಿ ಮನೆ, ಬಾವಿ, ನೀರಿನ ಸುರಂಗ, ತೋಡು. 1970ರ ದಶಕದ ಕೊನೆಯಿಂದ 2000ದವರೆಗೆ ವರ್ಷ ವರ್ಷವೂ ಹೆಲಿಕಾಪ್ಟರ್ ಬಂದು ಆ ಗುಡ್ಡದ ಮೇಲೆ ಎಂಡೋಸಲ್ಫಾನ್ ಸುರಿಯಿತು. ಮೊದಲು ಕೈಕಾಲು ತಿರುಚಿಕೊಂಡ ಕರುಗಳು ಹುಟ್ಟಿದವು. ಅದೇ ಊರಿನ ಕೃಷಿಕ ಶ್ರೀ ಪಡ್ರೆ ಆ ಕರುಗಳ ಬಗ್ಗೆ ಬಹಳ ಹಿಂದೆಯೇ ಬರೆದರು. ಆಮೇಲೆ ಮಕ್ಕಳು. ವಾಣಿನಗರದಲ್ಲಿ ಚಿಕಿತ್ಸೆ ಕೊಡುತ್ತಿದ್ದ ಹಳ್ಳಿಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಅವರ ಬಳಿಗೆ ಒಂದೇ ಕಣಿವೆಯ ಮನೆಗಳಿಂದ ಬುದ್ಧಿ ಬೆಳೆಯದ ಕೂಸುಗಳು, ಅಪಸ್ಮಾರದ ಕೂಸುಗಳು, ಕತ್ತು ನಿಲ್ಲದ ಕೂಸುಗಳು ಬರತೊಡಗಿದಾಗ ಅವರು ಸುಮ್ಮನೆ ಔಷಧಿ ಬರೆದು ಕಳಿಸಲಿಲ್ಲ. ಯಾವ ಮನೆ, ಯಾವ ರೋಗ ಎಂದು ಗುರುತು ಹಾಕುತ್ತಾ ಹೋದರು, ಹೊರಗಿನವರಿಗೆ ತಿಳಿಸಿದರು. ಕೇಳಿಸಿಕೊಂಡವರು ಕಡಿಮೆ. ಮತ್ತೆ ಬರೆದರು, ಮತ್ತೆ ತಿಳಿಸಿದರು. ಸಿಂಪರಣೆ ನಿಂತದ್ದು 2000ದ ಕೊನೆಗೆ, ದೇಶದಲ್ಲಿ ಎಂಡೋಸಲ್ಫಾನ್‌ಗೆ ಸುಪ್ರೀಂ ಕೋರ್ಟ್ ತಡೆ ಒಡ್ಡಿದ್ದು 2011ರ ಮೇ ತಿಂಗಳಲ್ಲಿ, ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಅದೇ ನ್ಯಾಯಾಲಯ ಆದೇಶಿಸಿದ್ದು 2017ರಲ್ಲಿ.

ಮೊದಲ ಕರುವಿನಿಂದ ಆ ತಡೆಯಾಜ್ಞೆಯವರೆಗಿನ ವರ್ಷಗಳನ್ನು ಲೆಕ್ಕ ಹಾಕಿ. ಆ ವರ್ಷಗಳಲ್ಲಿ ಹುಟ್ಟಿದ ಮಕ್ಕಳನ್ನು ನೆನೆಯಿರಿ. ಇತ್ತ ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಲಿನ ಊರುಗಳಲ್ಲೂ ಗೇರುತೋಟದ ಮೇಲೆ ಅದೇ ವಿಷ ಬಿದ್ದಿತ್ತು. ಅಲ್ಲಿ ಇಪ್ಪತ್ತು ವರ್ಷ ದಾಟಿದ ಮಗನನ್ನು ಈಗಲೂ ತೋಳಲ್ಲಿ ಎತ್ತಿಕೊಂಡೇ ಬಚ್ಚಲಿಗೆ ಒಯ್ಯುವ ತಾಯಂದಿರಿದ್ದಾರೆ. ಕೆಲವರು ಬರೆದರು, ಅದಕ್ಕೇ ಕಡೆಗಾದರೂ ನಿಂತಿತು. ಇನ್ನಷ್ಟು ಜನ ಬರೆದಿದ್ದರೆ, ಮೊದಲ ಕರು ಹುಟ್ಟಿದ ವರ್ಷವೇ ಹತ್ತು ಊರಿನ ಹತ್ತು ಜನ ಹತ್ತು ಪತ್ರಿಕೆಗಳಿಗೆ ಕಳಿಸಿದ್ದರೆ ಎಂದು ಯೋಚಿಸಿದಾಗ ಎದೆ ಭಾರವಾಗುತ್ತದೆ.

ನಮ್ಮದು ಈ ವಿಷಯದಲ್ಲಿ ಬಡ ಪರಂಪರೆಯಲ್ಲ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದ ಮಂಗಳೂರ ಸಮಾಚಾರದಲ್ಲೇ ಊರ ವರ್ತಮಾನಕ್ಕೆ ಜಾಗವಿತ್ತು. ‘ಕುಗ್ರಾಮ ಗುರುತಿಸಿ’ ಎಂದು ಉದಯವಾಣಿ ಪತ್ರಿಕೆ ಕರೆ ಕೊಟ್ಟ ಕಾಲವನ್ನು ಕರಾವಳಿಯ ಹಿರಿಯ ಓದುಗರು ಇಂದಿಗೂ ನೆನೆಯುತ್ತಾರೆ. 1988ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ ಅಡಿಕೆ ಪತ್ರಿಕೆ ಕೃಷಿಕರ ಕೈಗೇ ಲೇಖನಿ ಕೊಟ್ಟಿತು, ಶಿಬಿರ ನಡೆಸಿ ಬರೆಯಲು ಕಲಿಸಿತು. ಅಡಿಕೆ ಸುಲಿಯುವ ಕೈ ವರದಿ ಬರೆಯಿತು. ಅವರಿಂದ ಆಗಿದ್ದು ನಿಮ್ಮಿಂದ ಆಗದೆ?

ಭಯವಿದೆ, ಬಲ್ಲೆ. ಪಂಚಾಯಿತಿ ಸದಸ್ಯ ಪಕ್ಕದ ಮನೆಯವನು, ಗುತ್ತಿಗೆದಾರ ದೂರದ ನೆಂಟ, ನಾಳೆ ಮಗಳ ಜಾತಿ ಪ್ರಮಾಣಪತ್ರಕ್ಕೆ ಅದೇ ಕಚೇರಿಯ ಮೆಟ್ಟಿಲು ಹತ್ತಬೇಕು. ಊರಲ್ಲಿ ಬದುಕುವವರಿಗೆ ಇದು ಸಣ್ಣ ಭಯವಲ್ಲ, ಪೇಟೆಯಲ್ಲಿ ಕುಳಿತು ಅದನ್ನು ಹಗುರವಾಗಿ ಕಾಣುವುದು ಸುಲಭ. ನೀವೊಬ್ಬರೇ ಎಲ್ಲವನ್ನೂ ಹೊರಬೇಕೆಂದು ನಾನು ಕೇಳುತ್ತಿಲ್ಲ. ನಾಲ್ಕು ಜನ ಸೇರಿ ಸಹಿ ಹಾಕಿ. ಸಂಘದ ಲೆಟರ್‌ಹೆಡ್ಡಿನಲ್ಲಿ ಕಳಿಸಿ. ಹೆಸರು ಹಾಕಬೇಡಿ ಎಂದು ವರದಿಗಾರರಿಗೆ ಮೊದಲೇ ಸ್ಪಷ್ಟವಾಗಿ ಹೇಳಿ, ಮೂಲವನ್ನು ಕಾಪಾಡುವುದು ಆ ವೃತ್ತಿಯ ಮರ್ಯಾದೆ. ಆದರೆ ನಿಮಗಿರುವ ಭಯ ಎಷ್ಟೇ ದೊಡ್ಡದಿರಲಿ, ಖಾಲಿ ಚೀಲ ಹಿಡಿದು ಮರಳಿದ ಆ ಅಜ್ಜಿಯ ಭಯ ಅದಕ್ಕಿಂತ ದೊಡ್ಡದು. ಆಕೆಗೆ ಓದು ಬರುವುದಿಲ್ಲ, ಕಚೇರಿಯಲ್ಲಿ ಯಾರೂ ಆಕೆಯನ್ನು ‘ಕೂತ್ಕೊಳ್ಳಿ ಅಮ್ಮ’ ಎನ್ನುವುದಿಲ್ಲ. ಆಕೆಗೆ ಇರುವವರು ನೀವೇ.

ಹಾಗಾದರೆ ಬರೆಯುವುದು ಹೇಗೆ? ‘ನಮ್ಮ ಗ್ರಾಮದಲ್ಲಿ ವೃದ್ಧರಿಗೆ ಘೋರ ಅನ್ಯಾಯವಾಗುತ್ತಿದ್ದು ಅಧಿಕಾರಿಗಳು ಕಣ್ಣುಮುಚ್ಚಿ ಕುಳಿತಿದ್ದಾರೆ’ ಎಂದು ನಾವು ಬರೆಯುತ್ತೇವೆ. ಸಿಟ್ಟು ಸರಿಯಾದದ್ದೇ. ಆದರೆ ಡೆಸ್ಕಿನಲ್ಲಿ ಕುಳಿತ ಉಪಸಂಪಾದಕರಿಗೆ ಅದರಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ, ಅಧಿಕಾರಿಗೆ ಉತ್ತರಿಸಲು ಏನೂ ಇರುವುದಿಲ್ಲ. ಅದನ್ನೇ ಹೀಗೆ ಬರೆದು ನೋಡಿ: ‘ಇಂಥ ಪಂಚಾಯಿತಿಯ ಇಂಥ ಹಳ್ಳಿಯಲ್ಲಿ ಹನ್ನೊಂದು ಮಂದಿ ವೃದ್ಧರಿಗೆ ಯುಗಾದಿಯಿಂದ ಈಚೆಗೆ ಸಂಧ್ಯಾ ಸುರಕ್ಷಾ ಪಿಂಚಣಿ ಬಂದಿಲ್ಲ. ತಿಂಗಳಿಗೆ 1,200 ರೂಪಾಯಿ ಬರುತ್ತಿತ್ತು. ಆಧಾರ್ ಜೋಡಣೆ ಆಗಿಲ್ಲ ಎಂದು ನಾಡಕಚೇರಿಯಲ್ಲಿ ಹೇಳುತ್ತಾರೆ, ಆಗಿದೆ ಎಂದು ಬ್ಯಾಂಕಿನಲ್ಲಿ ಹೇಳುತ್ತಾರೆ. ಹೋಬಳಿ ಕೇಂದ್ರಕ್ಕೆ ಹೋಗಿಬರಲು ಆಟೊಗೆ ನೂರು ರೂಪಾಯಿ ಬೇಕು. ಅರ್ಜಿ ಕೊಟ್ಟ ಸ್ವೀಕೃತಿ ಐದು ಮಂದಿಯ ಬಳಿ ಇದೆ.’ ಇದರಲ್ಲಿ ಬೈಗುಳವಿಲ್ಲ, ಆದರೂ ಓದಿದವರು ಸುಮ್ಮನಿರಲಾರರು. ಎಲ್ಲಿ, ಯಾರಿಗೆ, ಎಂದಿನಿಂದ, ಎಷ್ಟು, ಯಾರು ಏನು ಹೇಳಿದರು ಎಂಬಿಷ್ಟು ಮೊದಲ ಐದಾರು ಸಾಲಿನಲ್ಲೇ ಬಂದುಬಿಡಲಿ, ಏಕೆಂದರೆ ಪುಟದಲ್ಲಿ ಜಾಗ ಸಾಲದಾದಾಗ ಕತ್ತರಿ ಬೀಳುವುದು ಕೆಳಗಿನಿಂದ.

ಕಳಿಸುವ ಮುನ್ನ ಒಂದು ಕೆಲಸ ತಪ್ಪದೆ ಮಾಡಿ. ಪಿಡಿಒ ಆಗಲಿ, ಗ್ರಾಮ ಆಡಳಿತಾಧಿಕಾರಿಯಾಗಲಿ, ಮುಖ್ಯ ಶಿಕ್ಷಕರಾಗಲಿ, ಯಾರ ಮೇಲೆ ಮಾತು ಬರುತ್ತದೋ ಅವರನ್ನು ಕೇಳಿ, ಅವರು ಹೇಳಿದ್ದನ್ನೂ ಬರೆಯಿರಿ. ಎಷ್ಟೋ ಸಲ ಅನುದಾನವೇ ಬಂದಿರುವುದಿಲ್ಲ, ತಪ್ಪು ಇನ್ನೆಲ್ಲೋ ಇರುತ್ತದೆ. ಅವರು ಬಾಯಿಬಿಡದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಬರಬೇಕು. ಆ ಉತ್ತರದ ಪ್ರತಿ ಕೈಯಲ್ಲಿದ್ದರೆ ಯಾವ ಸಂಪಾದಕರೂ ನಿಮ್ಮ ಸುದ್ದಿಯನ್ನು ಸುಲಭಕ್ಕೆ ಬದಿಗಿಡಲಾರರು. ಗ್ರಾಮಸಭೆಗೆ ಹೋಗಿ. ಶಾಮಿಯಾನದ ಕೆಳಗೆ ಖಾಲಿ ಕುರ್ಚಿಗಳ ಮುಂದೆ ಅದು ಮುಗಿದುಹೋಗಲು ಬಿಡಬೇಡಿ, ಅಲ್ಲಿ ಕೂತು ಯಾರು ಏನು ಕೇಳಿದರು, ಏನು ಉತ್ತರ ಬಂತು ಎಂದು ಬರೆದುಕೊಳ್ಳಿ. ಫೋಟೊ ತೆಗೆಯುವಾಗ ಫೋನನ್ನು ಅಡ್ಡ ಹಿಡಿಯಿರಿ, ಒಡೆದ ಗೋಡೆಯಷ್ಟೇ ಅಲ್ಲ, ಅದರ ಪಕ್ಕದಲ್ಲಿ ಬದುಕುವ ಮನುಷ್ಯರೂ ಕಾಣಲಿ, ಅವರ ಒಪ್ಪಿಗೆ ಕೇಳಿ. ಸಂಜೆ ಆರರ ಮೇಲೆ ಜಿಲ್ಲಾ ಪುಟ ತುಂಬುತ್ತಾ ಬರುತ್ತದೆ, ಮಧ್ಯಾಹ್ನದೊಳಗೆ ತಲುಪಿಸಿದರೆ ಫೋನ್ ಮಾಡಿ ವಿಚಾರಿಸಲು ಅವರಿಗೂ ಸಮಯ ಸಿಗುತ್ತದೆ. ವರದಿಗಾರರ ನಂಬರ್ ಗೊತ್ತಿಲ್ಲದಿದ್ದರೆ ಪೇಪರ್ ಏಜೆಂಟರನ್ನು ಕೇಳಿ, ಜಿಲ್ಲಾ ಕಚೇರಿಗೆ ಇಮೇಲ್ ಮಾಡಿ. ಅದೂ ಆಗದಿದ್ದರೆ ಓದುಗರ ಪತ್ರದ ಅಂಕಣ ಇದ್ದೇ ಇದೆ. ನೂರೈವತ್ತು ಪದ ಸಾಕು, ಕೆಳಗೆ ನಿಮ್ಮ ಹೆಸರು, ಊರು, ಫೋನ್ ಇರಲಿ.

ಒಂದು ಎಚ್ಚರಿಕೆಯನ್ನು ಕೈಮುಗಿದು ಹೇಳುತ್ತೇನೆ. ದನಿಯಿಲ್ಲದವರಿಗೆ ದನಿಯಾಗಲು ಹೋಗಿ ಅವರ ಮಾನ ಕಳೆಯಬೇಡಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಗಳ ಹೆಸರಾಗಲಿ, ಮನೆಯಾಗಲಿ, ಶಾಲೆಯಾಗಲಿ ಹೊರಬರುವಂತಿಲ್ಲ, ಅದು ಕಾನೂನು. ಕಾನೂನು ಇಲ್ಲದಿದ್ದರೂ ಅದು ನಮ್ಮ ಮನೆಯ ಮಗಳಿಗೆ ನಾವು ಸಲ್ಲಿಸಬೇಕಾದ ಗೌರವ. ಕೇಳಿದ್ದನ್ನು ಕಂಡದ್ದೆಂದು ಬರೆಯಬೇಡಿ. ಹಳೆಯ ಜಗಳ ತೀರಿಸಿಕೊಳ್ಳಲು ಪತ್ರಿಕೆಯನ್ನು ಬಳಸಬೇಡಿ. ಸುದ್ದಿ ಹಾಕಿಸಲು ಯಾರಿಗೂ ಹಣ ಕೊಡಬೇಡಿ, ಕೇಳಿದರೆ ಆ ಪತ್ರಿಕೆಯ ಸಂಪಾದಕರಿಗೇ ಬರೆಯಿರಿ.

ಕಳಿಸಿದ್ದು ಮರುದಿನ ಬರದೆ ಹೋಗಬಹುದು. ವಾರ ಕಳೆದರೂ ಬರದೆ ಹೋಗಬಹುದು. ಆಗ ನಿಮ್ಮ ಮನಸ್ಸು ಮುದುಡುತ್ತದೆ, ‘ಇವರೆಲ್ಲ ಹೀಗೇ’ ಎನಿಸುತ್ತದೆ. ದಯವಿಟ್ಟು ಅಲ್ಲಿಗೇ ಬಿಡಬೇಡಿ. ಫೋನ್ ಮಾಡಿ, ಏನು ಕೊರತೆಯಾಯಿತೆಂದು ಕೇಳಿ, ಹೊಸ ವಿವರ ಸೇರಿಸಿ ಮತ್ತೆ ಬರೆದು ಕಳಿಸಿ. ಇನ್ನೊಂದು ಪತ್ರಿಕೆಗೆ ಬರೆದು ಕಳಿಸಿ. ಜಿಲ್ಲೆಯಲ್ಲೇ ಅಚ್ಚಾಗುವ ಸಣ್ಣ ಪತ್ರಿಕೆಗೆ ಬರೆದು ಕಳಿಸಿ, ರಾಜ್ಯಮಟ್ಟದ ಪುಟದಲ್ಲಿ ಜಾಗ ಸಿಗದ ಹಳ್ಳಿಗೆ ಅಲ್ಲಿ ಮುಖಪುಟವೇ ಸಿಕ್ಕೀತು. ಮೈಸೂರಿನ ಆಂದೋಲನದಂಥ ಪತ್ರಿಕೆಗಳು ಬೆಳೆದದ್ದೇ ತಮ್ಮ ಸುತ್ತಲಿನ ಜಿಲ್ಲೆಗಳ ಜನರ ಮಾತು ಕೇಳಿಸಿಕೊಂಡು. ಸುದ್ದಿ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಪಿಂಚಣಿ ಬಂತೇ, ಹೆಂಚು ಹೊದಿಸಿದರೇ ಎಂದು ತಿಂಗಳ ನಂತರ ನೋಡಿ. ಆಗಿದ್ದರೆ ಅದನ್ನೂ ಬರೆಯಿರಿ, ಕೆಲಸ ಮಾಡಿದ ಅಧಿಕಾರಿಯ ಹೆಸರು ಹಾಕಿ ಬರೆಯಿರಿ.

2022ರ ಮಳೆಗಾಲದಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಪುಟ್ಟ ಬಾಲಕಿ ಕಾಲುಸಂಕವೆಂಬ ಕಿರುಸೇತುವೆ ದಾಟುವಾಗ ತುಂಬಿ ಹರಿಯುವ ಹಳ್ಳಕ್ಕೆ ಬಿದ್ದು ತೀರಿಕೊಂಡಳು. ಆಮೇಲೆ ಕ್ಯಾಮೆರಾಗಳು ಬಂದವು, ಮಲೆನಾಡು ಕರಾವಳಿಯ ಕಾಲುಸಂಕಗಳ ಚಿತ್ರಗಳು ಪತ್ರಿಕೆಗಳಲ್ಲಿ ತುಂಬಿದವು. ಒಂದು ಕೂಸು ಹೋದ ಮೇಲೆ ನಾಡಿನ ಕಣ್ಣು ಅತ್ತ ಹೊರಳಿತು. ಹೊಸನಗರದಲ್ಲಿ, ಶೃಂಗೇರಿಯಲ್ಲಿ, ಜೋಯಿಡಾದಲ್ಲಿ, ಸುಳ್ಯದಲ್ಲಿ ಎರಡು ಅಡಿಕೆ ಮರ ಅಡ್ಡ ಹಾಕಿ, ಬಳ್ಳಿ ಕಟ್ಟಿದ ಸಂಕದ ಮೇಲೆ ಚೀಲ ಬೆನ್ನಿಗೇರಿಸಿಕೊಂಡು ನಡೆಯುವ ಮಕ್ಕಳು ಇನ್ನೂ ಇದ್ದಾರೆ. ಆ ಸಂಕ ಎಲ್ಲಿದೆ ಎಂದು ನಿಮಗೆ ಗೊತ್ತಿದೆ. ಯಾವ ಮನೆಯ ಮಕ್ಕಳೆಂದು ಗೊತ್ತಿದೆ. ಜೂನ್ ತಿಂಗಳಲ್ಲಿ ಅವರಮ್ಮ ಹಳ್ಳದ ಈಚೆ ದಡದಲ್ಲಿ ಎಷ್ಟು ಹೊತ್ತು ನಿಂತು ಕಾಯುತ್ತಾಳೆ ಎಂಬುದೂ ನಿಮಗೆ ಗೊತ್ತಿದೆ.

ಈ ಭಾನುವಾರ ಅಲ್ಲಿಗೆ ಹೋಗಿ. ಆ ತಾಯಿಯನ್ನು ಮಾತಾಡಿಸಿ. ದಿನಕ್ಕೆ ಎಷ್ಟು ಮಕ್ಕಳು ದಾಟುತ್ತಾರೆ, ಪಂಚಾಯಿತಿಗೆ ಅರ್ಜಿ ಕೊಟ್ಟದ್ದು ಯಾವಾಗ, ಕಳೆದ ಮಳೆಗಾಲದಲ್ಲಿ ಎಷ್ಟು ದಿನ ಶಾಲೆ ತಪ್ಪಿತು ಎಂದು ಕೇಳಿ ಬರೆದುಕೊಳ್ಳಿ. ಸೋಮವಾರ ಬೆಳಿಗ್ಗೆ ಪಿಡಿಒ ಅವರನ್ನು ಕೇಳಿ, ಮಧ್ಯಾಹ್ನದೊಳಗೆ ಬರೆದು ಕಳಿಸಿ. ವರದಿಗಾರರು ಜಾಗ ನೋಡಬೇಕು ಎಂದರೆ ನೀವೇ ಜೊತೆಗೆ ನಡೆಯಿರಿ, ಮಳೆ ಶುರುವಾದ ಮೇಲೆ ಆ ದಾರಿ ಹೊಸಬರಿಗೆ ಸಿಗುವುದಿಲ್ಲ.